ರಾತ್ರಿ ಹಾಸಿಗೆಯಿಂದ ಏಳುವ ಹಿರಿಯರಿಗೆ ಸೆನ್ಸರ್ ಹೀಗೆ ಹಾಕಿ

ನಾನು ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ನರ್ಸ್. ನಮ್ಮ ಅಜ್ಜ-ಅಜ್ಜಿಯರು ಬೀಳುವುದು ಹೆಚ್ಚಾಗಿ ಬಚ್ಚಲಿಗೆ ಹೋಗುವ ದಾರಿಯಲ್ಲೇ. ಹಾಗಾಗಿ ಮೊದಲು ಮೋಷನ್ ಸೆನ್ಸರ್ ದೀಪ ತನ್ನಿ. ಮೈಯ ಬಿಸಿ ಅಲುಗಾಡಿದರೆ ಅದು ಉರಿಯುತ್ತದೆ. ಗೋಡೆಯಲ್ಲಿ ಎತ್ತರಕ್ಕೆ ಹಾಕಿದರೆ ಮಗ್ಗುಲು ಬದಲಿಸಿದಾಗೆಲ್ಲ ಹೊತ್ತಿಕೊಂಡು ನಿದ್ದೆ ಕೆಡಿಸುತ್ತದೆ. ಮಂಚದ ಪಟ್ಟಿಯ ಅಡಿಯಲ್ಲಿ, ನೆಲಕ್ಕೆ ಮುಖ ಮಾಡಿ ಅಂಟಿಸಿ. ಕಾಲು ಕೆಳಗಿಟ್ಟ ಕೂಡಲೇ ಚಪ್ಪಲಿ ಕಾಣುವಷ್ಟು ಹಳದಿ ಬೆಳಕು ಬಂದರೆ ಸಾಕು. ಬಚ್ಚಲಿನೊಳಗೂ ಒಂದಿರಲಿ.

ಮರೆವಿನ ಕಾಯಿಲೆಯವರಿಗೆ ಹಾಸಿಗೆಯಡಿ ಪ್ರೆಶರ್ ಪ್ಯಾಡ್ ಬೇಕೇ ಬೇಕು. ಮೈಭಾರ ಮೇಲಿಂದ ಸರಿದ ಕೂಡಲೇ ಅಲಾರಂ ಕೊಡುವ ತೆಳು ಹಾಸು ಅದು. ಸೊಂಟದ ಕೆಳಗಿಟ್ಟರೆ ಅವರು ಪೂರ್ತಿ ಎದ್ದ ಮೇಲಷ್ಟೇ ಸದ್ದು. ಬೆನ್ನಿನ ಮೇಲ್ಭಾಗಕ್ಕೆ ಸರಿಸಿದರೆ ಎದ್ದು ಕೂರುವಾಗಲೇ ಗೊತ್ತಾಗುತ್ತದೆ, ಓಡಿ ಹೋಗಿ ಕೈ ಹಿಡಿಯಲು ಸಮಯ ಸಿಗುತ್ತದೆ. ಅಲಾರಂ ಅವರ ಕಿವಿಯ ಪಕ್ಕ ಕಿರುಚಬಾರದು, ಗಾಬರಿಯಲ್ಲೇ ಬೀಳುತ್ತಾರೆ. ಸದ್ದು ಮಾಡುವ ಪೇಜರ್ ನಮ್ಮ ಜೇಬಿನಲ್ಲಿರಲಿ, ಪ್ಯಾಡಿನ ಸಂಕೇತ ಹಿಡಿಯುವ ರಿಸೀವರ್ ಕರೆಂಟ್ ಹೋದರೂ ನಡೆಯುವಂತೆ ಯುಪಿಎಸ್‌ಗೆ ಸೇರಿರಲಿ.

ಮಲಗುವ ಕೋಣೆಗೆ ಕ್ಯಾಮೆರಾ ನಾನಂತೂ ಒಪ್ಪುವುದಿಲ್ಲ, ಅವರು ಬಟ್ಟೆ ಬದಲಿಸುವ ಜಾಗ ಅದು. ಪ್ಯಾಡನ್ನೂ ಅವರ ಕೈಗೆ ಕೊಟ್ಟು ತೋರಿಸಿ, "ಅಜ್ಜಿ, ಹಾಕಲಾ?" ಎಂದು ಕೇಳಿಯೇ ಹಾಕಿ. ಪ್ರತಿ ಸಂಜೆ ನೀವೇ ಅದರ ಮೇಲೆ ಮಲಗಿ, ಎದ್ದು, ಪೇಜರ್ ಬಡಿದುಕೊಳ್ಳುತ್ತದೆಯೇ ನೋಡಿ.