ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಬಿಟ್ಟ ಸಿಗರೇಟು

ಹೋಟೆಲು ಕೆಲಸದಲ್ಲಿ ಹತ್ತು ನಿಮಿಷ ಹೊರಗೆ ಹೋಗಿ ನಿಲ್ಲಬೇಕಾದರೆ ಎಲ್ಲರೂ ಒಪ್ಪುವ ಕಾರಣ ಒಂದೇ, ಸಿಗರೇಟು. ಬೆನ್ನು ನೋಯುತ್ತದೆ ಎಂದರೆ "ಆಮೇಲೆ ನೋಡುವ" ಎನ್ನುತ್ತಾರೆ. ಕಾಲು ಸೋತಿದೆ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. "ಒಂದು ಎಳೆದು ಬರ್ತೇನೆ" ಎಂದರೆ ಮಾತ್ರ ಗಲ್ಲೆಯಲ್ಲಿ, ಅಂದರೆ ಹಣದ ಕೌಂಟರಿನಲ್ಲಿ, ಕೂತವರು ತಲೆಯಾಡಿಸುತ್ತಾರೆ. ಮುಂಬಯಿಯ ಹೋಟೆಲುಗಳಲ್ಲಿ ಮೋರಿಯಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ, ಸಪ್ಲಾಯರ್ ಆಗಿ, ಗಲ್ಲೆಗೆ ಬಂದು, ಈಗ ಪರೇಲಿನಲ್ಲಿ ಇನ್ನೊಬ್ಬರ ಜೊತೆ ಪಾಲಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದೇನೆ. ಈ ಇಡೀ ದಾರಿಯಲ್ಲಿ ನಾನು ಕಂಡದ್ದು ಇದನ್ನೇ. ನಾನು ಸೇದಲು ಕಲಿತದ್ದು ಹೊಗೆಯ ರುಚಿಗಲ್ಲ, ಆ ಹತ್ತು ನಿಮಿಷಕ್ಕೆ. ಹಾಗಾಗಿ ಬಿಡುವ ಹೊತ್ತಿಗೆ ನನಗೆ ಮೊದಲು ಬೇಕಾದದ್ದೂ ಆ ಹತ್ತು ನಿಮಿಷವೇ.

ಊರು ಬಿಟ್ಟು ಬಂದ ಹುಡುಗರ ದಿನ ಹೇಗಿತ್ತೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಐದಕ್ಕೆ ಎದ್ದರೆ ಇಡ್ಲಿ ಹಬೆ, ಹನ್ನೊಂದರ ನಂತರ ಊಟದ ಗಡಿಬಿಡಿ, ಮೂರರಿಂದ ಐದರವರೆಗೆ ಸ್ವಲ್ಪ ಸಡಿಲ, ಸಂಜೆ ಮತ್ತೆ ಓಟ. ಓದುವ ಆಸೆ ಇದ್ದವರಿಗೆ ಅದರ ಮಧ್ಯೆಯೇ ಕನ್ನಡ ರಾತ್ರಿಶಾಲೆ. ಮೂರು ಗಂಟೆಯ ಆ ಸಡಿಲದಲ್ಲಿ ಹಿಂದಿನ ಗಲ್ಲಿಯಲ್ಲಿ ದೊಡ್ಡವರು ನಿಂತು ಊರಿನ ಸುದ್ದಿ ಮಾತಾಡುತ್ತಿದ್ದರು. ಆ ಗುಂಪಿನಲ್ಲಿ ನಿಲ್ಲಲು ಕೈಯಲ್ಲಿ ಏನಾದರೂ ಇರಬೇಕಿತ್ತು. ಪಾನ್ ಅಂಗಡಿಯಲ್ಲಿ ಬಿಡಿಯಾಗಿ ಒಂದೇ ಸಿಗರೇಟು ಸಿಗುತ್ತಿತ್ತು, ಹಚ್ಚಿಕೊಳ್ಳಲು ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರು. ಇಡೀ ಪ್ಯಾಕೆಟ್ ಕೊಳ್ಳಬೇಕಾಗಿದ್ದರೆ ಆ ವಯಸ್ಸಿನಲ್ಲಿ ನನ್ನಿಂದ ಆಗುತ್ತಿರಲಿಲ್ಲ.

ಬಿಡಬೇಕೆಂಬ ಯೋಚನೆ ಗಟ್ಟಿಯಾದದ್ದು ಪರೇಲಿಗೆ ಬಂದ ಮೇಲೆ. 1941ರಲ್ಲಿ ಶುರುವಾದ ಟಾಟಾ ಕ್ಯಾನ್ಸರ್ ಆಸ್ಪತ್ರೆ ಇಲ್ಲಿಯೇ ಇದೆ. ದೇಶದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ನಮ್ಮ ಹೋಟೆಲಿನ ಬೋರ್ಡಿನ ಹೆಸರು ನೋಡಿ "ಕನ್ನಡದವರಾ ರೀ?" ಎಂದು ಕೇಳಿಕೊಂಡು ಒಳಗೆ ಬರುತ್ತಾರೆ. ಬಾಯಿ ಎರಡು ಬೆರಳಷ್ಟೂ ತೆರೆಯಲಾಗದ ಗಂಡನಿಗೆ ಅನ್ನದ ಗಂಜಿಯನ್ನು ಇನ್ನೂ ತೆಳುವಾಗಿ ಮಾಡಿಕೊಡಿ ಎಂದು ಕೇಳುವ ಹೆಂಗಸರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಗಂಜಿ ಬಸಿದು ಕೊಟ್ಟು, ಅದೇ ಕೈಯಲ್ಲಿ ಗಲ್ಲಿಗೆ ಹೋಗಿ ಸಿಗರೇಟು ಹಚ್ಚುವುದು ನನ್ನಿಂದ ಆಗದ ಕೆಲಸವಾಯಿತು.

ಬಿಡಲು ಸಹಾಯ ಕೇಳಿ ಹೋದಾಗ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಸೇದುತ್ತೀರಿ ಎಂದಲ್ಲ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ ಎಂದು. ಎದ್ದ ಅರ್ಧ ಗಂಟೆಯೊಳಗೆ ಬೇಕಾಗುವವರಿಗೆ ಚಟ ಆಳವಾಗಿದೆ ಎಂದು ಲೆಕ್ಕ. ನನಗೆ ಕಾಫಿಗಿಂತ ಮೊದಲೇ ಬೇಕಾಗುತ್ತಿತ್ತು. ಅವರು ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಉಪಕಾರಕ್ಕೆ ಬಂತು. ಎಳೆದ ಹೊಗೆಯ ನಿಕೋಟಿನ್ ಹತ್ತು-ಇಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ತಲುಪುತ್ತದೆ, ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಮೈ ಮತ್ತೆ ಕೇಳುತ್ತದೆ. ಸೇದಿದರೆ ಟೆನ್ಷನ್ ಕಡಿಮೆಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆ ಟೆನ್ಷನ್‌ನ ದೊಡ್ಡ ಪಾಲು ಹಿಂದಿನ ಸಿಗರೇಟು ಇಳಿದದ್ದರಿಂದಲೇ ಬಂದದ್ದು.

ಬಿಡುವ ದಿನ ಯಾವುದಿರಬೇಕು? ಹೆಚ್ಚಿನವರು ಊರಿಗೆ ಹೋಗುವ ರಜೆಯಲ್ಲೋ, ಶಬರಿಮಲೆಗೆ ಮಾಲೆ ಹಾಕಿದಾಗಲೋ ಬಿಡುತ್ತಾರೆ. ವ್ರತದಲ್ಲಿ ಬಿಟ್ಟು ಹಾಗೆಯೇ ಉಳಿಸಿಕೊಂಡವರು ಇದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ನಾನು ಬೇಕೆಂದೇ ಕೆಲಸದ ವಾರದ ಮಧ್ಯದ ದಿನ ಆರಿಸಿಕೊಂಡೆ. ನನಗೆ ಸಿಗರೇಟು ನೆನಪಾಗುವುದು ಊರಿನ ಅಂಗಳದಲ್ಲಿ ಅಲ್ಲ, ಮೂರು ಗಂಟೆಯ ಗಲ್ಲಿಯಲ್ಲಿ. ಆ ಗಲ್ಲಿಯಲ್ಲೇ ಸಿಗರೇಟಿಲ್ಲದೆ ನಿಲ್ಲಲು ಕಲಿಯದಿದ್ದರೆ, ಊರಿನಲ್ಲಿ ಬಿಟ್ಟದ್ದು ದಾದರಿನಲ್ಲಿ ಬಸ್ ಇಳಿಯುವಾಗಲೇ ವಾಪಸ್ಸು ಬರುತ್ತದೆ. ಹಿಂದಿನ ರಾತ್ರಿ ಆ್ಯಶ್‌ಟ್ರೇ, ಲೈಟರು ಎಲ್ಲ ತೆಗೆದೆ. ಹುಡುಗರಿಗೂ ಪಾಲುದಾರರಿಗೂ ಹೇಳಿಟ್ಟೆ: ಕೆಲವು ದಿನ ನನ್ನ ಮಾತು ಒರಟಾಗಬಹುದು, ಮನಸ್ಸಿಗೆ ತಗೋಬೇಡಿ.

ಕಾಫಿಯ ವಿಷಯ ನಮ್ಮ ಕಸುಬಿನವರಿಗೆ ಬಹಳ ಮುಖ್ಯ, ಆದರೆ ಯಾರೂ ಹೇಳುವುದಿಲ್ಲ. ಹೊಗೆಯಲ್ಲಿರುವ ಟಾರಿನ ಅಂಶಗಳಿಂದ ಲಿವರು ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆಯಿಲ್ಲ. ಜನ ಇದನ್ನು "ಸಿಗರೇಟು ಬಿಟ್ಟದ್ದಕ್ಕೆ ಹೀಗಾಯಿತು" ಎಂದುಕೊಂಡು ಮತ್ತೆ ಹಚ್ಚುತ್ತಾರೆ. ನಾನು ಮೊದಲ ದಿನದಿಂದಲೇ ಕಾಫಿ ಅರ್ಧಕ್ಕೆ ಇಳಿಸಿದೆ, ಮಧ್ಯಾಹ್ನದ ಮೇಲೆ ಮಜ್ಜಿಗೆ. ಫಿಲ್ಟರಿನ ಪಕ್ಕದಲ್ಲೇ ದಿನವಿಡೀ ನಿಲ್ಲುವವನಿಗೆ ಅದು ಸುಲಭವಲ್ಲ, ಆದರೂ ಮಾಡಲೇಬೇಕು.

ಸಿಗರೇಟಿನ ಬದಲು ಸ್ವಲ್ಪ ನಿಕೋಟಿನ್ ಕೊಟ್ಟು ಆಸೆ ತಗ್ಗಿಸುವ ನಿಕೋಟಿನ್ ಗಮ್ಮಿನ ಜೊತೆಗೂ ಕಾಫಿಗೆ ಜಗಳ ಇದೆ. ಕಾಫಿ, ಹಣ್ಣಿನ ರಸ, ಸೋಡಾ ಕುಡಿದ ಕೂಡಲೇ ಹಾಕಿದರೆ ಬಾಯಿ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಾಲು ಗಂಟೆ ಬಿಡಬೇಕು. ಗಮ್ಮನ್ನು ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಅಗಿಯುವುದೂ ಅಲ್ಲ. ಮೆಣಸಿನ ಹಾಗೆ ಚುರುಚುರು ಎನ್ನುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಬಿಡಬೇಕು. ಚುರುಚುರು ಹೋದ ಮೇಲೆ ಮತ್ತೆ ಒಂದೆರಡು ಸಲ ಅಗಿದು ಇನ್ನೊಂದು ಬದಿಯಲ್ಲಿ ಇಡಬೇಕು. ಹೀಗೆ ಅರ್ಧ ಗಂಟೆ. ಗಬಗಬ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು, ಆಮೇಲೆ "ಇದು ನನಗೆ ಆಗುವುದಿಲ್ಲ" ಎಂಬ ತೀರ್ಮಾನ. 2 ಮಿಲಿಗ್ರಾಂ ಬೇಕೋ 4 ಬೇಕೋ ಎಂಬುದನ್ನು ಡಾಕ್ಟರರು ಆ ಮೊದಲ ಪ್ರಶ್ನೆಯ ಉತ್ತರ ನೋಡಿ ಹೇಳುತ್ತಾರೆ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವನ್ನು ಅವರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಮನಸ್ಸು ಗಟ್ಟಿ ಇದ್ದರೆ ಸಾಕು, ಔಷಧಿ ಯಾಕೆ ಎನ್ನುವವರಿಗೆ ನಾನು ಹೇಳುವುದು: ಜ್ವರಕ್ಕೆ ಮಾತ್ರೆ ನುಂಗುವಾಗ ಯಾರೂ ಹಾಗೆ ಕೇಳುವುದಿಲ್ಲ.

ಮೊದಲ ಮೂರು ದಿನ ಕಷ್ಟ ಹೆಚ್ಚು. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ನಿಧಾನ ಇಳಿಯುತ್ತದೆ. ಆಸೆ ಬಂದಾಗ ಅದು ಹಾಲು ಉಕ್ಕಿದ ಹಾಗೆ ಬರುತ್ತದೆ, ನಾಲ್ಕೈದು ನಿಮಿಷ ಹತ್ತಿರ ನಿಂತು ಕಾದರೆ ತಾನಾಗಿ ಇಳಿಯುತ್ತದೆ. ಆ ನಾಲ್ಕೈದು ನಿಮಿಷಕ್ಕೆ ಕೈಗೆ ಕೆಲಸ ಬೇಕು. ನಾನು ಗಲ್ಲೆಯ ಚಿಲ್ಲರೆ ವಿಂಗಡಿಸುತ್ತಿದ್ದೆ, ಮುಖಕ್ಕೆ ನೀರು ಹಾಕುತ್ತಿದ್ದೆ, ಒಂದು ಲವಂಗ ಬಾಯಿಗೆ ಹಾಕುತ್ತಿದ್ದೆ.

ಅಡಿಕೆ ಮಾತ್ರ ಬೇಡ. ಇದನ್ನು ನಮ್ಮವರಿಗೆ ಕೈಮುಗಿದು ಹೇಳುತ್ತೇನೆ. ಅಡಿಕೆ ತೋಟದ ಊರಿನಲ್ಲೇ ಹುಟ್ಟಿದವನು ನಾನು, ಹೊಗೆಸೊಪ್ಪು ಇಲ್ಲದ ಬರಿಯ ಎಲೆಯಡಿಕೆಗೆ ತೊಂದರೆ ಇಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಗಂಜಿ ಕೇಳಲು ಬರುವವರಲ್ಲಿ ಬಾಯಿ ತೆರೆಯಲಾಗದ ಆ ಕಾಯಿಲೆಗೂ ಅಡಿಕೆಯೇ ಮುಖ್ಯ ಕಾರಣ. ಸಿಗರೇಟು ಬಿಟ್ಟು ಸುಪಾರಿ ಪೊಟ್ಟಣ ಹಿಡಿದರೆ ಬಿಟ್ಟದ್ದು ಎಲ್ಲಿ ಉಳಿಯಿತು?

ಕೆಲವು ವಾರ ಕೆಮ್ಮು ಹೆಚ್ಚಾಗಬಹುದು, ಹಸಿವೆ ಹೆಚ್ಚಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ನೀರು, ಸೊಪ್ಪು, ನಡಿಗೆ, ಅಷ್ಟೇ. ನನಗೆ ಧೈರ್ಯ ಕೊಟ್ಟದ್ದು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಅವರ ಜೊತೆಗಾರರ ಅಧ್ಯಯನ. ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಅವರು ಹೇಳಿದ್ದು: 30ರ ವಯಸ್ಸಿನಲ್ಲಿ ಬಿಟ್ಟವರು ಸುಮಾರು 10 ವರ್ಷ ಆಯುಸ್ಸು ಉಳಿಸಿಕೊಳ್ಳುತ್ತಾರೆ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟರೂ 3. "ಇಷ್ಟು ವರ್ಷ ಸೇದಿ ಆಯಿತು, ಇನ್ನು ಬಿಟ್ಟು ಏನು" ಎನ್ನುವ ಹಿರಿಯರಿಗೆ ನಾನು ಈ ಕೊನೆಯ ಅಂಕಿಯನ್ನು ಹೇಳುತ್ತೇನೆ.

ನನ್ನದು ನಿಂತಿತು. ಹಿಂದಿನ ಗಲ್ಲಿ ಹಾಗೇ ಇತ್ತು. ಹೊಸದಾಗಿ ಬಂದ ಹುಡುಗ ಎರಡೇ ತಿಂಗಳಲ್ಲಿ ಅಲ್ಲಿ ಸಿಗರೇಟು ಹಿಡಿದು ನಿಂತದ್ದನ್ನು ಕಂಡಾಗ ನನಗೆ ಬೈಯಲು ಮನಸ್ಸು ಬರಲಿಲ್ಲ. ಅವನಿಗೂ ಬೇಕಾದದ್ದು ಅದೇ ಹತ್ತು ನಿಮಿಷ. ಅಂದಿನಿಂದ ನಮ್ಮಲ್ಲಿ ಒಂದು ಕ್ರಮ ಮಾಡಿದೆವು: ಸೇದಲಿ, ಬಿಡಲಿ, ಎಲ್ಲರಿಗೂ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಕೂರಲು ಸಮಯ. ಕಾರಣ ಹೇಳಬೇಕಾಗಿಲ್ಲ. ಗಲ್ಲಿಯಲ್ಲಿ ಬೆಂಚು ಹಾಕಿಸಿದೆವು, ಮೊಬೈಲ್ ಚಾರ್ಜು ಮಾಡಲು ಪ್ಲಗ್ ಕೊಟ್ಟೆವು. ಸೇದುವವರು ಬೆಂಚಿನ ಹತ್ತಿರ ಸೇದುವಂತಿಲ್ಲ, ರಸ್ತೆಯ ಆಚೆಗೆ ಹೋಗಬೇಕು. ಊರಿನ ಸುದ್ದಿ ನಡೆಯುವುದು ಈಗ ಬೆಂಚಿನ ಮೇಲೆ. ಹುಡುಗರಿಗೆ ಉಪದೇಶಕ್ಕಿಂತ ಈ ಬೆಂಚು ಹೆಚ್ಚು ಕೆಲಸ ಮಾಡಿದೆ ಎಂದು ನಾನು ಖಂಡಿತ ಹೇಳಬಲ್ಲೆ. ಹೋಟೆಲು ನಡೆಸುವ ನಮ್ಮ ಬಂಧುಗಳಲ್ಲಿ ನನ್ನ ಮೊದಲ ಬೇಡಿಕೆಯೂ ಇದೇ.

ಎರಡನೆಯದು ಹೋಟೆಲಿನ ಮುಂದಿನ ಪಾನ್ ಅಂಗಡಿ. ಆ ಮೂಲೆಯ ಬಾಡಿಗೆ ಒಳ್ಳೆಯದು, ಬಿಡಲು ಯಾರಿಗೂ ಇಷ್ಟವಿಲ್ಲ. ಕರಾರು ಮುಗಿದಾಗ, ತಂಬಾಕು ಮಾರದಿರಲು ಒಪ್ಪುವವರಿಗೆ ಮಾತ್ರ ಆ ಮೂಲೆ ಕೊಡುತ್ತೇವೆ ಎಂದೆವು. ಈಗ ಅಲ್ಲಿ ಹಣ್ಣಿನ ರಸದ ಅಂಗಡಿ ಇದೆ. ಬಾಡಿಗೆ ಕಡಿಮೆಯಾಯಿತು, ಮನೆಯವರ ಜೊತೆ ಬರುವ ಗಿರಾಕಿಗಳು ಬಾಗಿಲಲ್ಲಿ ಹೊಗೆ ದಾಟಬೇಕಾಗಿಲ್ಲ.

ಕಾನೂನು ಇಲ್ಲ ಎಂದೇನೂ ಅಲ್ಲ. ದಕ್ಷಿಣ ಮುಂಬಯಿಯಿಂದ ಹಲವು ಬಾರಿ ಸಂಸದರಾಗಿದ್ದ ಮುರ್ಲಿ ದೇವ್ರಾ ಹಾಕಿದ ಅರ್ಜಿಯ ಮೇಲೆಯೇ 2001ರಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ರೈಲು ಮುಂತಾದ ಕಡೆ ಧೂಮಪಾನ ನಿಲ್ಲಿಸಲು ಹೇಳಿತು. 2003ರ ತಂಬಾಕು ನಿಯಂತ್ರಣ ಕಾಯಿದೆ ಬಂತು, 2008ರ ಅಕ್ಟೋಬರ್ 2ರಿಂದ ಹೋಟೆಲುಗಳೂ ಸೇರಿ ಸಾರ್ವಜನಿಕ ಜಾಗಗಳಲ್ಲಿ ನಿಷೇಧ. ಆ ಕಾಯಿದೆಯಂತೆ 18 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ-ಕಾಲೇಜಿನ 100 ಗಜದೊಳಗೆ ಮಾರುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಬಿಡಿ ಸಿಗರೇಟು, ಬಿಡಿ ಬೀಡಿ ಮಾರಾಟವನ್ನೇ ನಿಷೇಧಿಸಿತು. ಇವೆಲ್ಲದರಲ್ಲಿ ಈ ಕೊನೆಯದೇ ಹೆಚ್ಚು ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ. ಪ್ಯಾಕೆಟ್ಟಿನ ಶೇ. 85 ಭಾಗ ಎಚ್ಚರಿಕೆಯ ಚಿತ್ರ ಇದ್ದರೂ ಒಂದೇ ಒಂದು ಕೊಳ್ಳುವ ಹುಡುಗ ಅದನ್ನು ಕಾಣುವುದೇ ಇಲ್ಲ. ಹಾಗಿದ್ದೂ ಬಿಡಿ ಮಾರಾಟ ನಿಂತಿಲ್ಲ, ಲೈಟರು ಈಗಲೂ ದಾರದಲ್ಲಿ ನೇತಾಡುತ್ತಿದೆ.

ಸಿಗರೇಟಿನ ಮಾತಷ್ಟೇ ಆಡಿದರೆ ಮಹಾರಾಷ್ಟ್ರದಲ್ಲಿ ಅರ್ಧ ಕೆಲಸವೂ ಆಗುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಇಲ್ಲಿ ಸೇದುವ ವಯಸ್ಕರು ಶೇ. 3.8, ಜಗಿಯುವ ಅಥವಾ ಹಲ್ಲಿಗೆ ಉಜ್ಜುವವರು ಶೇ. 24.4. ನಮ್ಮ ಅಡುಗೆಮನೆಯಲ್ಲಿ ಉತ್ತರ ಪ್ರದೇಶ, ಬಿಹಾರದ ಹುಡುಗರೇ ಈಗ ಹೆಚ್ಚು. ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿದ ಖೈನಿ ತುಟಿಯೊಳಗೆ ಇಟ್ಟುಕೊಂಡರೆ ಹೊರಗೆ ಹೋಗುವುದೇ ಬೇಡ, ಕೆಲಸ ಮಾಡುತ್ತಲೇ ನಡೆಯುತ್ತದೆ. ಬೆಂಚು ಅವರಿಗೆ ಉತ್ತರವಲ್ಲ. ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲಿಗೆ ಉಜ್ಜುವ ಪಾತ್ರೆ ತೊಳೆಯುವ ಹೆಂಗಸರಿಗೂ ಅಲ್ಲ. ವರ್ಷಕ್ಕೊಮ್ಮೆ ಎಲ್ಲರ ಬಾಯಿಯನ್ನು ದಂತವೈದ್ಯರಿಗೆ ತೋರಿಸುವ ಏರ್ಪಾಡು ಮಾಡಿದ್ದೇವೆ. ಬಿಳಿ ಮಚ್ಚೆ, ಮಾಯದ ಹುಣ್ಣು ಇದ್ದರೆ ಬೇಗ ಗೊತ್ತಾಗುತ್ತದೆ.

ಇನ್ನೊಂದು ಮಾತು ನಮ್ಮ ಊರಿನದು. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದ್ದು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹುಡಿ, ದಾರ, ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳು ನಡೆದದ್ದು ಹಾಗೆ. ಆ ಹುಡಿಯನ್ನು ದಿನವಿಡೀ ಉಸಿರಾಡಿದವರೂ ಆ ಹೆಂಗಸರೇ. ಬೀಡಿ ಸಿಗರೇಟಿಗಿಂತ ಹಗುರ ಎಂಬ ಮಾತು ಸುಳ್ಳು, ಎಲೆ ಗಾಳಿಯನ್ನು ಸರಾಗ ಒಳಗೆ ಬಿಡದ ಕಾರಣ ಆರದಂತೆ ಮತ್ತೆ ಮತ್ತೆ ಎಳೆಯಬೇಕು. ಬೀಡಿ ಕಡಿಮೆಯಾಗಲಿ ಎನ್ನುವ ನಾವು, ಕಟ್ಟುವವರ ಕೈಗೆ ಬೇರೆ ಕೆಲಸ ಎಲ್ಲಿಂದ ಎಂಬುದನ್ನೂ ಜೊತೆಯಲ್ಲೇ ಕೇಳಬೇಕು. ಮುಂಬಯಿಯಲ್ಲಿ ದುಡಿದು ಊರಿನ ದೇವಸ್ಥಾನಕ್ಕೆ, ಶಾಲೆಗೆ ಕೊಡುವವರು ನಾವು. ಹೊಲಿಗೆಗೋ, ತಿಂಡಿ ತಯಾರಿಗೋ ಒಂದು ಸಂಘ ಎತ್ತಿನಿಲ್ಲಿಸುವುದು ನಮ್ಮ ಕೈಮೀರಿದ್ದಲ್ಲ.

ಬಿಡಬೇಕೆಂದಿರುವವರು ಒಬ್ಬರೇ ಕಷ್ಟಪಡಬೇಕಾಗಿಲ್ಲ. 1800-11-2356 ಸರ್ಕಾರದ ಉಚಿತ ಸಹಾಯವಾಣಿ, 2018ರಿಂದ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗುತ್ತದೆ. ಟಾಟಾ ಆಸ್ಪತ್ರೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರಗಳಿವೆ, ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ. ನಮ್ಮ ದೋಸೆ ಕಾವಲಿಯ ಭಟ್ಟರು ಹಿಂದೆ ಬಿಟ್ಟು ಮತ್ತೆ ಹಿಡಿದವರು, ಈಗ ಪುನಃ ಬಿಡುತ್ತೇನೆ ಎಂದಿದ್ದಾರೆ. ಬುಧವಾರ ಮೂರು ಗಂಟೆಗೆ ಅವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಆ ಹೊತ್ತಿಗೆ ಕಾವಲಿಗೆ ಬೇರೆ ಹುಡುಗನನ್ನು ನಿಲ್ಲಿಸಿ ಆಗಿದೆ.