ಪೀಣ್ಯದ ಕಟ್ ಪೀಸುಗಳು ನಮ್ಮ ಮನೆಗೆ ಬಂದ ಬಗೆ

ನನಗೆ ಬೇಕಾಗಿದ್ದುದು ಎರಡೂಮುಕ್ಕಾಲು ಮೀಟರ್ ಆಂಗಲ್, ಅಂದರೆ ‘ಎಲ್’ ಆಕಾರದ ಕಬ್ಬಿಣದ ಪಟ್ಟಿ, ಮಾತ್ರ. ಬೆಂಚ್ ಗ್ರೈಂಡರಿಗೆ ಒಂದು ಸ್ಟ್ಯಾಂಡ್ ಮಾಡಿಕೊಳ್ಳಬೇಕಿತ್ತು; 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ್ದು ಸಾಕೆಂದು ಲೆಕ್ಕ ಹಾಕಿದ್ದೆ. ನಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯವರು ಇಪ್ಪತ್ತು ಅಡಿಯ ಇಡೀ ಉದ್ದವನ್ನೇ ಕೊಳ್ಳಬೇಕೆಂದರು. ಮೀಟರಿಗೆ ನಾಲ್ಕೂವರೆ ಕೆಜಿಯಂತೆ ಅದು 27 ಕೆಜಿ ತೂಗುತ್ತದೆ. ನನ್ನ ಕೆಲಸಕ್ಕೆ ಹದಿಮೂರು ಕೆಜಿಯೂ ಬೇಡ. ಮರುದಿನ ಸ್ಕೂಟರಿನಲ್ಲಿ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯಕ್ಕೆ ಹೋಗಿ, ಕಬ್ಬಿಣದ ದೊಡ್ಡ ಗೋದಾಮೊಂದರಲ್ಲಿ ವಿಚಾರಿಸಿದೆ. ಯಜಮಾನರು "ಎಷ್ಟು ಟನ್ ಬೇಕು ಸಾರ್?" ಎಂದರು. ಮೂರು ಮೀಟರ್ ಎಂದೆ. ಅವರು ನಗಲಿಲ್ಲ, ಗದರಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡು ಬೇರೆ ಯಾರೊಡನೆಯೋ ಮಾತಿಗೆ ತೊಡಗಿದರು.

ಹೊರಗೆ ಬರುವಾಗ ಕಾಂಪೌಂಡಿನ ಮೂಲೆಯಲ್ಲಿ ಒಂದು ರಾಶಿ ಕಣ್ಣಿಗೆ ಬಿತ್ತು. ಅದರಲ್ಲಿ ನನಗೆ ಬೇಕಾದ ಅಳತೆಯ ಆಂಗಲ್ ತುಂಡುಗಳೇ ಐದಾರು ಇದ್ದವು. ಎಲ್ಲವೂ ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗಿನವು. ಸ್ಟ್ಯಾಂಡಿನ ನಾಲ್ಕು ಕಾಲುಗಳಿಗೆ ಅದಕ್ಕಿಂತ ಉದ್ದದ್ದು ಯಾರಿಗೆ ಬೇಕು? ತೂಕ ಹಾಕುವ ಹುಡುಗನನ್ನು ಕೇಳಿದರೆ, "ಅವು ಗುಜರಿಗೆ ಹೋಗ್ತವೆ ಸಾರ್, ಬೇಕಾ?" ಎಂದ. ನನ್ನ ಕಟ್ ಪೀಸಿನ, ಅಂದರೆ ಕತ್ತರಿಸಿ ಉಳಿದ ತುಂಡುಗಳ, ವ್ಯವಹಾರ ಆರಂಭವಾದದ್ದು ಆ ಮೂಲೆಯಿಂದ. ಆಮೇಲಿನ ಏಳು ವರ್ಷಗಳಲ್ಲಿ ವೆಲ್ಡಿಂಗ್ ಮೇಜು, ಮಹಡಿಯ ಮೆಟ್ಟಿಲಿನ ಕೈಹಿಡಿ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಅತ್ತೆಯವರ ತುಳಸಿ ಕಟ್ಟೆಯ ಸುತ್ತಲಿನ ಜಾಲರಿ ಇವೆಲ್ಲ ಇಂಥ ರಾಶಿಗಳಿಂದಲೇ ಎದ್ದು ಬಂದಿವೆ.

ಯಾವ ಅಂಗಡಿಯಲ್ಲಿ ಯಾವ ಬಗೆಯ ತುಂಡು ಉಳಿಯುತ್ತದೆ ಎಂಬುದನ್ನು ಅರಿತುಕೊಳ್ಳಲು ನನಗೆ ಒಂದು ವರ್ಷವೇ ಹಿಡಿಯಿತು. ಆಂಗಲ್, ಚಾನಲ್, ಪಟ್ಟಿ ಮತ್ತು ಚೌಕ ಪೈಪುಗಳು ಸಾಮಾನ್ಯವಾಗಿ ಆರು ಮೀಟರ್ ಉದ್ದದಲ್ಲಿ ಬರುತ್ತವೆ, ಗಿರಾಕಿ 1.7 ಮೀಟರಿನ ಮೂರು ತುಂಡು ಕೇಳಿದರೆ 90 ಸೆಂ.ಮೀ. ಬಾಲ ಉಳಿಯುತ್ತದೆ, ಆ ಬಾಲವನ್ನು ಮತ್ತೊಬ್ಬ ಗಿರಾಕಿ ಕೇಳುವುದು ಅಪರೂಪ. ದುಂಡು ಸರಳು ಮಾರುವವರು ಬ್ಯಾಂಡ್ ಸಾ ಗರಗಸದ ಮೇಲೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಕೊಡುತ್ತಾರೆ. ಅಲ್ಲಿ ಉಳಿಯುವುದು ಗೇಣುದ್ದದ ಕೊನೆತುಂಡುಗಳು, ಲೇತ್ ಇರುವವರಿಗೆ ಅವು ಚಿನ್ನ. ದಪ್ಪ ಪ್ಲೇಟುಗಳನ್ನು ಗ್ಯಾಸಿನಿಂದ ಕತ್ತರಿಸುವ ಕಡೆ ವಿಚಿತ್ರ ಆಕಾರದ, ಒಂದು ಬದಿ ಮಾತ್ರ ನೇರವಾಗಿರುವ ತುಂಡುಗಳು ಸಿಗುತ್ತವೆ. ಲೇಸರ್ ಕಟಿಂಗಿನವರ ಹತ್ತಿರ ತೂತುಗಳೇ ತುಂಬಿದ ಹಾಳೆ ಉಳಿಯುತ್ತದೆ. ಅದರ ಅಂಚಿನ ಪಟ್ಟಿಗಳನ್ನು ಬಿಟ್ಟರೆ ಮಿಕ್ಕದ್ದು ನನ್ನಂಥವರಿಗೆ ಪ್ರಯೋಜನವಿಲ್ಲ, ಆದರೂ ಹೂವಿನ ಕುಂಡದ ಹಿಂದೆ ನಿಲ್ಲಿಸಲು ಅಂಥದ್ದೊಂದನ್ನು ತಂದು ಬೈಸಿಕೊಂಡದ್ದುಂಟು.

ಬೆಲೆಯ ವಿಷಯದಲ್ಲಿ ನಾನು ನೆನಪಿಟ್ಟುಕೊಂಡಿರುವುದು ಒಂದೇ ಮಾತು. ಆ ತುಂಡನ್ನು ನಾನು ಒಯ್ಯದಿದ್ದರೆ ವ್ಯಾಪಾರಿಗೆ ಸಿಗುವುದು ಗುಜರಿಯ ಬೆಲೆ. ನಾನು ಹೊಸ ಮಾಲನ್ನು ಕೊಂಡರೆ ನನಗೆ ತಗಲುವುದು ಮಾರುಕಟ್ಟೆಯ ಬೆಲೆ. ನಮ್ಮಿಬ್ಬರ ಒಪ್ಪಂದ ಇವೆರಡರ ನಡುವೆ ಎಲ್ಲಿಯಾದರೂ ನಿಲ್ಲಬೇಕು. ಆ ಮೊದಲ ಸಲ ಹೊಸ ಆಂಗಲ್ ಕೆಜಿಗೆ 52 ರೂಪಾಯಿ ಇತ್ತು, ಗುಜರಿಯವರು 26 ಕೊಡುತ್ತಿದ್ದರು, ನಾನು 38ಕ್ಕೆ ತಂದೆ. ಅಂದಿನಿಂದ ಹೊರಡುವ ಮೊದಲು ಎರಡೂ ಬೆಲೆಗಳನ್ನು ಫೋನಿನಲ್ಲಿ ವಿಚಾರಿಸಿಕೊಂಡೇ ಹೋಗುತ್ತೇನೆ. ಹೇಳಿದ ದರದಲ್ಲಿ 18 ಶೇಕಡ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ತೂಕಕ್ಕೆ ಹಾಕುವ ಮೊದಲೇ ಕೇಳಬೇಕು. ಸೇರಿಲ್ಲದಿದ್ದರೆ ಆ 38 ರೂಪಾಯಿ ಹೆಚ್ಚುಕಡಿಮೆ 45 ಆಗುತ್ತದೆ, ಆಗ ಹೊಸ ಮಾಲಿಗೂ ಅದಕ್ಕೂ ಇರುವ ಅಂತರವನ್ನು ಲಗೇಜ್ ಆಟೊದ ಬಾಡಿಗೆಯೇ ನುಂಗಿಹಾಕುತ್ತದೆ. ಒಂದೆರಡು ಕೆಜಿಗೆ ಚೌಕಾಸಿ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಹತ್ತು ರೂಪಾಯಿ ಉಳಿಸಲು ಹೋಗಿ ಒಳಗೆ ಬಿಡುವ ಸಲುಗೆಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಸಲುಗೆ ಎಂದೆನಲ್ಲ, ಅದು ಹೊತ್ತು ನೋಡಿ ಹೋಗುವುದರಿಂದ ಬರುತ್ತದೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಲಾರಿಗಳು ತುಂಬುತ್ತಿರುತ್ತವೆ, ನೆತ್ತಿಯ ಮೇಲೆ ಕ್ರೇನ್ ಓಡಾಡುತ್ತಿರುತ್ತದೆ. ಆಗ ಬರಿಗೈಯ ಗಿರಾಕಿಯೊಬ್ಬ ಅಡ್ಡಾಡುವುದು ಅವರಿಗೂ ತೊಂದರೆ, ಅವನಿಗೂ ಅಪಾಯ. ಊಟದ ಬಳಿಕ, ಮೂರು ಗಂಟೆಯ ಸುಮಾರಿಗೆ ಹೋದರೆ ಮಾತಾಡಲು ಜನ ಸಿಗುತ್ತಾರೆ. ಮಾರ್ಚ್ ತಿಂಗಳ ಕೊನೆಯ ವಾರಗಳಲ್ಲಿ, ದಾಸ್ತಾನಿನ ಲೆಕ್ಕ ಮುಗಿಸುವ ಅವಸರದಲ್ಲಿ, ಮೂಲೆಗಳು ಖಾಲಿಯಾಗುವುದನ್ನು ಕಂಡಿದ್ದೇನೆ. ಕಾಲಿಗೆ ಬೂಟು, ಕೈಗೆ ಚರ್ಮದ ಗ್ಲೌಸು ನಾನೇ ಒಯ್ಯುತ್ತೇನೆ. ರಾಶಿಯ ಅಡಿಯಿಂದ ತುಂಡನ್ನು ಎಳೆಯದೆ, ಮೇಲಿನವನ್ನು ಒಂದೊಂದಾಗಿ ಬದಿಗಿಟ್ಟು, ಹೋಗುವಾಗ ಮತ್ತೆ ಜೋಡಿಸಿಟ್ಟು ಬರುತ್ತೇನೆ. ಎರಡನೆಯ ಸಲ ಒಳಗೆ ಬಿಟ್ಟದ್ದು ಬಹುಶಃ ಈ ಕಾರಣಕ್ಕೇ.

ಜೇಬಿನ ಚೀಟಿಯಲ್ಲಿ ನಿಖರ ಅಳತೆ ಬರೆದುಕೊಂಡು ಹೋದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದ್ದರಿಂದ ‘600ರಿಂದ 750ರವರೆಗೆ ಯಾವುದಾದರೂ ಆದೀತು, ದಪ್ಪ 10 ಅಥವಾ 12’ ಎಂದು ಬರೆದುಕೊಳ್ಳುತ್ತೇನೆ. ಸಿಕ್ಕಿದ ತುಂಡಿಗೆ ತಕ್ಕಂತೆ ವಸ್ತುವಿನ ಚಿತ್ರವನ್ನು ಮನೆಗೆ ಬಂದು ತಿದ್ದುತ್ತೇನೆ. ನನ್ನ ವೆಲ್ಡಿಂಗ್ ಮೇಜಿನ ಹಲಗೆ 600 × 850 ಇರುವುದಕ್ಕೆ ಬೇರೆ ಯಾವ ಕಾರಣವೂ ಇಲ್ಲ, ಅಂದು ಆ ರಾಶಿಯಲ್ಲಿ 12 ಮಿ.ಮೀ. ದಪ್ಪದ ಪ್ಲೇಟು ಅಷ್ಟೇ ಇತ್ತು.

ಆ ಪ್ಲೇಟಿನ ತೂಕದ ಕಥೆಯನ್ನು ಇಲ್ಲಿ ಹೇಳಲೇಬೇಕು. ಕಬ್ಬಿಣದ ಹಾಳೆ ಒಂದು ಚದರ ಮೀಟರಿಗೆ, ದಪ್ಪದ ಪ್ರತಿ ಮಿಲಿಮೀಟರಿಗೆ, 7.85 ಕೆಜಿ ತೂಗುತ್ತದೆ. 12 ಮಿ.ಮೀ. ಎಂದರೆ 94.2, ಅದನ್ನು 0.51 ಚದರ ಮೀಟರಿನಿಂದ ಗುಣಿಸಿದರೆ 48 ಕೆಜಿ. ಕಾಟಾ 54 ತೋರಿಸಿತು. ಜಗಳಕ್ಕೆ ಹೋಗದೆ, ನನ್ನ ಟೇಪನ್ನು ಇನ್ನೊಮ್ಮೆ ಹಿಡಿದು, ಲೆಕ್ಕವನ್ನು ಹುಡುಗನಿಗೆ ತೋರಿಸಿದೆ. ಅವನು ಪ್ಲೇಟನ್ನು ಇಳಿಸಿದ; ಬರಿಯ ಕಾಟಾದ ಮೇಲೂ 6 ಎಂದೇ ಮಿನುಗುತ್ತಿತ್ತು, ಏಕೆಂದರೆ ಹಿಂದಿನ ತೂಕದ ಸರಪಳಿಯೊಂದು ಹಲಗೆಯ ಆಚೆ ತುದಿಯಲ್ಲಿ ಹಾಗೇ ಬಿದ್ದಿತ್ತು. ಮೋಸವಲ್ಲ, ಗಡಿಬಿಡಿ. ದುಂಡು ಸರಳಿಗಾದರೆ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಬರುತ್ತದೆ: 50 ಮಿ.ಮೀ. ಸರಳು ಮೀಟರಿಗೆ ಹದಿನೈದೂವರೆ ಕೆಜಿಗೆ ತುಸು ಕಡಿಮೆ. ಈ ಎರಡು ಲೆಕ್ಕ ಬಾಯಿಗೆ ಬರುತ್ತಿದ್ದರೆ, ದೂರದಿಂದಲೇ ಯಾವ ತುಂಡನ್ನು ಒಬ್ಬನೇ ಎತ್ತಬಹುದು, ಯಾವುದನ್ನು ಮುಟ್ಟಲೂ ಹೋಗಬಾರದು ಎಂಬುದೂ ತಿಳಿಯುತ್ತದೆ.

ಗ್ಯಾಸಿನಿಂದ ಕತ್ತರಿಸಿದ ಪ್ಲೇಟು ಶಾಖಕ್ಕೆ ಬಾಗಿರಬಹುದಾದ್ದರಿಂದ, ಅದರ ಮೇಲೆ ಉಕ್ಕಿನ ಸ್ಕೇಲನ್ನು ತೆಳು ಅಂಚು ಕೆಳಗಾಗುವಂತೆ ನಿಲ್ಲಿಸಿ, ಬಗ್ಗಿ, ಅಡಿಯಿಂದ ಬೆಳಕು ತೂರುತ್ತದೆಯೇ ಎಂದು ಎರಡೂ ಕರ್ಣಗಳ ಉದ್ದಕ್ಕೂ ನೋಡುತ್ತೇನೆ. ನನ್ನ ಮೇಜಿನ ಹಲಗೆಯಲ್ಲಿ ಒಂದು ಮೂಲೆಯ ಹತ್ತಿರ ಪೋಸ್ಟ್ ಕಾರ್ಡು ನುಸುಳುವಷ್ಟು ಸಂದು ಇತ್ತು. ಗೇಟು, ಸ್ಟ್ಯಾಂಡುಗಳ ಕೆಲಸಕ್ಕೆ ಅದು ಅಡ್ಡಿಯಲ್ಲ.

ಅಳತೆಗಿಂತ ನನಗೆ ಹೆಚ್ಚು ಪಾಠ ಕಲಿಸಿದ್ದು ಲೋಹದ ಜಾತಿ. ರಾಶಿಯಲ್ಲಿ ಎಲ್ಲವೂ ಒಂದೇ ಬಣ್ಣದ ತುಕ್ಕು ಹೊದ್ದು ಮಲಗಿರುತ್ತವೆ. ಸಾಮಾನ್ಯ ಕಟ್ಟಡದ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಶೇಕಡ 0.23ರ ಒಳಗಿರುತ್ತದೆ, ಇಎನ್8 ಎಂಬ ಗಟ್ಟಿ ಜಾತಿಯಲ್ಲಿ 0.4ರ ಆಸುಪಾಸು, ಬೇರಿಂಗಿಗೆ ಬಳಸುವ ಇಎನ್31ರಲ್ಲಿ ಒಂದರ ಹತ್ತಿರ. ಒಮ್ಮೆ 25 ಮಿ.ಮೀ. ದಪ್ಪದ ಚಂದದ ತುಂಡೊಂದನ್ನು ವೈಸಿನ ಅಡಿಗೆ ಇಡಲೆಂದು ತಂದು, ಗ್ಯಾಸಿನಿಂದ ಕತ್ತರಿಸಿದ ಅಂಚಿನ ಬದಿಯಿಂದ 8 ಮಿ.ಮೀ. ತೂತು ಕೊರೆಯಲು ಹೊರಟೆ. ಡ್ರಿಲ್ ಬಿಟ್ ಕಿರ್ರೆಂದು ಕೂಗಿತು, ಸುರುಳಿಯ ಬದಲು ಪುಡಿ ಉದುರಿತು, ಅರ್ಧ ನಿಮಿಷದಲ್ಲಿ ಬಿಟ್ಟಿನ ತುದಿ ನವಿಲಿನ ಕತ್ತಿನಂತೆ ನೀಲಿಯಾಯಿತು. ತುಂಡು ಇಎನ್8, ಕತ್ತರಿಸುವಾಗ ಕೆಂಪಾದ ಅಂಚು, ಸುತ್ತಲಿನ ತಣ್ಣಗಿನ ಲೋಹ ಶಾಖವನ್ನು ಎಳೆದುಕೊಂಡದ್ದರಿಂದ ಬೇಗನೆ ಆರಿ, ಗಟ್ಟಿಗೊಂಡಿತ್ತು. ಗ್ರೈಂಡರಿನಿಂದ ಆ ಅಂಚನ್ನು ಮೂರು ಮಿ.ಮೀ. ಸವೆಸಿದ ಮೇಲೆ ಹೊಸ ಡ್ರಿಲ್ ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇಂಥ ಉಕ್ಕನ್ನು ಬಿಸಿ ಮಾಡದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುವ ಸಂಭವವಿದೆ. ಆದ್ದರಿಂದ ಅದನ್ನು ಬೋಲ್ಟಿನಿಂದಲೇ ಕೂರಿಸಿದೆ. ಈಗ ಅನುಮಾನ ಬಂದ ತುಂಡಿನ ಮೂಲೆಗೆ ಗ್ರೈಂಡರ್ ತಾಗಿಸಿ ಕಿಡಿಯನ್ನು ನೋಡುತ್ತೇನೆ: ಮೆದು ಉಕ್ಕಿನ ಕಿಡಿ ಉದ್ದವಾಗಿ, ಹೆಚ್ಚು ಒಡೆಯದೆ ಹೋಗುತ್ತದೆ, ಇಂಗಾಲ ಹೆಚ್ಚಿದಂತೆಲ್ಲ ಸುರುಸುರು ಬತ್ತಿಯಂತೆ ಕವಲೊಡೆದು ಸಿಡಿಯುತ್ತದೆ.

ಸ್ಟೇನ್‌ಲೆಸ್ ಉಕ್ಕಿನಲ್ಲಿ ತಿಂದ ಪೆಟ್ಟು ಇದಕ್ಕಿಂತ ದೊಡ್ಡದು. ಕುಂದಾಪುರದ ಹತ್ತಿರದ ನಮ್ಮ ಹಳೆಯ ಮನೆಯ ಕಿಟಕಿಗೆ ಸರಳುಗಳು ಬೇಕಿದ್ದವು. ಒಂದು ಅಂಗಡಿಯಲ್ಲಿ 304, ಅಂದರೆ ತುಕ್ಕನ್ನು ಚೆನ್ನಾಗಿ ತಡೆಯುವ ಜಾತಿ, ಎಂದು ಹೇಳಿ ಕೊಟ್ಟರು. ನಾನು ಅಯಸ್ಕಾಂತ ಹಿಡಿದೆ, ಅಂಟಲಿಲ್ಲ, ನಂಬಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸರಳುಗಳ ಮೇಲೆಲ್ಲ ಚಹಾ ಚೆಲ್ಲಿದಂಥ ಕಂದು ಕಲೆಗಳು. ಅದು 202 ಆಗಿತ್ತು. ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಹೆಚ್ಚಿಸಿದ ಆ ಜಾತಿಗೂ ಅಯಸ್ಕಾಂತ ಅಂಟುವುದಿಲ್ಲ. ಉಪ್ಪುಗಾಳಿ ಮಾತ್ರ ಅಂಟುತ್ತದೆ. ಹನಿ ದ್ರಾವಣವನ್ನೂ 9 ವೋಲ್ಟಿನ ಬ್ಯಾಟರಿಯನ್ನೂ ಬಳಸಿ ಮ್ಯಾಂಗನೀಸ್ ಪತ್ತೆ ಮಾಡುವ ಚಿಕ್ಕ ಪೆಟ್ಟಿಗೆ ಸಿಗುತ್ತದೆಂದು ತಿಳಿದದ್ದು ಆಮೇಲೆ. ಹನಿ ಕೆಂಪಗಾದರೆ ಆ ತುಂಡನ್ನು ಕರಾವಳಿಗೆ ಒಯ್ಯುವುದಿಲ್ಲ. ಬೆಂಗಳೂರಿನ ಮನೆಯೊಳಗಿನ ಟವೆಲ್ ಕಂಬಿಗೆ 202 ಸಾಕು, ಅಗ್ಗವೂ ಹೌದು.

ಸತು ಲೇಪಿಸಿದ ಜಿಐ ಪೈಪಿನ ತುಂಡುಗಳು ರಾಶಿಯಲ್ಲಿ ಹೊಳೆದು ಕರೆಯುತ್ತವೆ. ಲೇಪವನ್ನು ತೆಗೆಯದೆ ವೆಲ್ಡ್ ಮಾಡಿದರೆ ಏಳುವ ಬಿಳಿಯ ಹೊಗೆಯಿಂದ ರಾತ್ರಿ ಚಳಿಜ್ವರ ಬರುತ್ತದೆ. ಒಮ್ಮೆ ಬಂದಿದೆ, ಮತ್ತೆ ಬೇಡ. ಬೆಸುಗೆ ಬೀಳುವ ಜಾಗದ ಎರಡೂ ಬದಿ ಎರಡೆರಡು ಅಂಗುಲ ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಮಾಡುತ್ತೇನೆ. ಆಮ್ಲಜನಕ ಊದುತ್ತ ಲೇಸರಿನಿಂದ ಕತ್ತರಿಸಿದ ತುಂಡುಗಳ ಅಂಚಿನಲ್ಲಿ ಬೂದುಬಣ್ಣದ ತೆಳು ಪೊರೆ ಇರುತ್ತದೆ; ಅದನ್ನು ಉಜ್ಜದೆ ರೆಡ್ ಆಕ್ಸೈಡ್ ಬಳಿದರೆ ಬಣ್ಣವು ಪೊರೆಯ ಸಮೇತ ಎದ್ದುಬರುತ್ತದೆ.

ಈ ಹವ್ಯಾಸದ ನಿಜವಾದ ರೋಗವೆಂದರೆ ಮನೆಯಲ್ಲಿ ಬೆಳೆಯುವ ರಾಶಿ. ‘ಮುಂದೆ ಯಾವುದಕ್ಕಾದರೂ ಆದೀತು’ ಎಂದು ತಂದ ಕಬ್ಬಿಣದ ಮೇಲೆ ಕೆಜಿಗೆ ಹದಿನಾಲ್ಕು ರೂಪಾಯಿ ಉಳಿಸಿದೆನೆಂದು ಬೀಗುವುದು ತಪ್ಪು ಲೆಕ್ಕ. ತಂದ ದಿನವೇ ಪ್ರತಿ ತುಂಡಿನ ಮೇಲೆ ಜಾತಿ, ತಿಂಗಳು ಮತ್ತು ವರ್ಷವನ್ನು ಪೇಂಟ್ ಮಾರ್ಕರಿನಲ್ಲಿ ಬರೆಯುತ್ತೇನೆ. ಕತ್ತರಿಸುವಾಗ ಬರೆದ ತುದಿಯನ್ನು ಉಳಿಸಿ ಇನ್ನೊಂದು ತುದಿಯಿಂದ ತೆಗೆಯುತ್ತೇನೆ. ಒಂದು ವರ್ಷ ಮುಟ್ಟದೆ ಉಳಿದದ್ದು ಗುಜರಿಗೆ. ಕಳೆದ ಯುಗಾದಿಗೆ ಷೆಡ್ಡನ್ನು ಗುಡಿಸಿ 31 ಕೆಜಿ ಕೊಟ್ಟೆ. ಗಾಡಿಯವನು ತೂಕದ ಕೊಕ್ಕೆಗೆ ಸಿಕ್ಕಿಸಿದ ಕಟ್ಟಿನಲ್ಲಿ, ಆ ಮೊದಲ ದಿನ ತಂದ ಆಂಗಲಿನ ಒಂದು ಅಡಿ ತುಂಡೂ ಇತ್ತು. ಅದನ್ನು ಮಾತ್ರ ಬಿಚ್ಚಿಸಿ ವಾಪಸ್ ತೆಗೆದುಕೊಂಡೆ. ಹೆಂಡತಿ ಒಳಗಿನಿಂದ ನೋಡುತ್ತಿದ್ದಳು, ಏನೂ ಅನ್ನಲಿಲ್ಲ.