ಸೇಬಿನ ಗ್ಯಾಲೆಟ್ ಮಾಡುವವರಿಗೆ ನಾಲ್ಕು ಮಾತು

ಫ್ರಾನ್ಸಿನ ಹಳ್ಳಿ ಕಡೆಯ ಹಣ್ಣಿನ ಗ್ಯಾಲೆಟ್‌ಗೆ ಅಚ್ಚು ಬೇಡ, ಅಲಂಕಾರವೂ ಬೇಡ. ಹಿಟ್ಟು ಲಟ್ಟಿಸಿ, ನಡುವೆ ಹಣ್ಣು ಹರಡಿ, ಅಂಚನ್ನು ಒಳಕ್ಕೆ ಮಡಚಿ ಬೇಯಿಸುವುದು, ಅಷ್ಟೇ. ನಾರ್ಮಂಡಿಯಲ್ಲಿ ಸೇಬು ಹಾಕುತ್ತಾರೆ. ಲೊರೇನ್ ಕಡೆ ಆಗಸ್ಟ್ ಬಂತೆಂದರೆ ಮಿರಾಬೆಲ್ ಎನ್ನುವ ಪುಟ್ಟ ಹಳದಿ ಪ್ಲಮ್. ಮೊದಲ ಸಲ ಮಾಡುವವರು ಸೇಬನ್ನೇ ಹಿಡಿಯಿರಿ, ಪ್ಲಮ್‌ನಷ್ಟು ರಸ ಬಿಡುವುದಿಲ್ಲ.

200 ಗ್ರಾಂ ಮೈದಾಕ್ಕೆ 100 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಬೆಣ್ಣೆಯಲ್ಲೇ ಉಪ್ಪಿದ್ದರೆ ಮತ್ತೆ ಹಾಕಬೇಡಿ. ಬೆಣ್ಣೆ ಮಾತ್ರ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ಏಪ್ರಿಲ್ ಸೆಖೆಯಲ್ಲಿ ಮಾಡುವುದಾದರೆ ಮೈದಾವನ್ನೂ ಅರ್ಧ ಗಂಟೆ ಒಳಗಿಡಿ. ಬೆಣ್ಣೆಯನ್ನು ಸಣ್ಣಗೆ ಹೆಚ್ಚಿ ಬೆರಳ ತುದಿಯಲ್ಲೇ ಮೈದಾಕ್ಕೆ ಉಜ್ಜಿ. ಅಂಗೈ ತಾಗಿಸಬೇಡಿ, ಅದರ ಬಿಸಿ ಜಾಸ್ತಿ. ಪೂರ್ತಿ ಪುಡಿಯಾಗುವ ಮುಂಚೆ ನಿಲ್ಲಿಸಿ, ಅಲ್ಲಲ್ಲಿ ಅವರೆಕಾಳಿನ ಗಾತ್ರದ ಬೆಣ್ಣೆ ಕಾಣುತ್ತಿರಬೇಕು. ಓವನ್ನಿನ ಕಾವಿಗೆ ಆ ಬೆಣ್ಣೆಯೊಳಗಿನ ನೀರು ಆವಿಯಾಗಿ ಹಿಟ್ಟನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಕೈಯಲ್ಲೇ ಕರಗಿ ಹೋದರೆ ಪದರ ಎಲ್ಲಿಂದ ಬರಬೇಕು, ಅಲ್ವಾ?

ಆಮೇಲೆ ಐಸ್ ನೀರು, ಮೂರೋ ನಾಲ್ಕೋ ದೊಡ್ಡ ಚಮಚ. ಹಿಟ್ಟು ಒಂದಕ್ಕೊಂದು ಅಂಟಿಕೊಂಡರೆ ಸಾಕು. ಚಪಾತಿ ಮಾಡಿ ಪಳಗಿದ ಕೈಗೆ ನಾದಬೇಕು ಅನ್ನಿಸುತ್ತದೆ, ತಡೆದುಕೊಳ್ಳಿ. ನಾದಿದಷ್ಟೂ ಮೈದಾಕ್ಕೆ ಜಿಗುಟು ಬಂದು ಬೆಂದ ಮೇಲೆ ಗಡಸಾಗುತ್ತದೆ. ತಟ್ಟಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಮೂರು ಸೇಬು ಸಾಕು, ಗಟ್ಟಿಯಾದವು, ಸ್ವಲ್ಪ ಹುಳಿಯಿದ್ದರೆ ಇನ್ನೂ ಒಳ್ಳೆಯದು. ತೆಳ್ಳಗೆ ಹೆಚ್ಚಿ ನಿಂಬೆರಸ ಸವರಿ. ಸಕ್ಕರೆಯನ್ನು ಹರಡುವ ಹೊತ್ತಿಗೇ ಹಾಕಿ, ಮೊದಲೇ ಕಲಸಿಟ್ಟರೆ ಹಣ್ಣು ನೀರು ಬಿಡುತ್ತದೆ. ಬೇಕಿಂಗ್ ಪೇಪರ್ ಮೇಲೆ ಹಿಟ್ಟನ್ನು ಸುಮಾರು 30 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ಹಣ್ಣಿನ ಕೆಳಗೆ ಎರಡು ಚಮಚ ಚಿರೋಟಿ ರವೆ ಉದುರಿಸಿ. ಫ್ರಾನ್ಸಿನವರು ಬಾದಾಮಿ ಪುಡಿಯನ್ನೋ ಸಣ್ಣ ರವೆಯನ್ನೋ ಹಾಕುವುದು ಇದೇ ಕಾರಣಕ್ಕೆ, ಇಳಿದ ರಸವನ್ನೆಲ್ಲ ಅದು ಹೀರುತ್ತದೆ. ಸುತ್ತ ನಾಲ್ಕು ಬೆರಳಗಲ ಅಂಚು ಬಿಟ್ಟು ಮಡಚಿ. ಅಂಚು ಸೊಟ್ಟಗಿದ್ದರೆ ಇರಲಿ ಬಿಡಿ, ಕತ್ತರಿಸಿ ಸರಿಮಾಡಲು ಹೋಗಬೇಡಿ. ಆದರೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಚಿವುಟಿ ಮುಚ್ಚಿ. ಇಲ್ಲದಿದ್ದರೆ ರಸ ಸೋರಿ ತಳ ಹಿಡಿಯುತ್ತದೆ.

ಮಡಚಿದ್ದನ್ನು ಮತ್ತೆ ಕಾಲು ಗಂಟೆ ತಣ್ಣಗಾಗಿಸಿ. ಮೊದಲೇ ಕಾಯಿಸಿದ ಓವನ್ನಿನ ಕೆಳಗಿನ ಹಂತದಲ್ಲಿ, 200 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಮೇಲಿನ ಬಣ್ಣ ನೋಡಿ ಆತುರಪಡಬೇಡಿ. ಚಾಕುವಿನಿಂದ ಸ್ವಲ್ಪ ಎತ್ತಿ ತಳ ನೋಡಿ, ಅದೂ ಕೆಂಪಗಾಗಿರಬೇಕು. ಕತ್ತರಿಸುವ ಮುಂಚೆ 20 ನಿಮಿಷ ಬಿಟ್ಟರೆ ರಸ ಗಟ್ಟಿಯಾಗಿ ತುಂಡು ಚೆನ್ನಾಗಿ ಬರುತ್ತದೆ. ಮಿಕ್ಕಿದ್ದನ್ನು ಮರುದಿನ ಮೈಕ್ರೋವೇವ್‌ನಲ್ಲಿಡಬೇಡಿ, ಮೆತ್ತಗಾಗುತ್ತದೆ. ಓವನ್‌ನಲ್ಲೇ 160 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ, ಮತ್ತೆ ಗರಿಗರಿಯಾಗುತ್ತದೆ.